ಚಾಳಿ ಹಂಚುವ ನಡುಗಡ್ಡೆ

“ನಮ್ಮೂರಿಗೆ ನೀವೇ ಹೋಗಿ ಹೇಳಿ. ಅಳ್ತಾ ಹೋಗ್ಬೇಡಿ, ಅಲ್ಲಿ ನಗ್ತಾರೆ.”

ನನ್ನ ಹೆಂಡತಿ ಕೊನೆಗೆ ಹೇಳಿದ್ದು ಇಷ್ಟೇ. ಹೇಳಿ, ಗೋಡೆ ಕಡೆ ಮಗ್ಗುಲಾದಳು.

ಅವಳ ಊರು ಕಡಲಾಚೆಯ ನಡುಗಡ್ಡೆಯಲ್ಲಿ. ಅಲ್ಲಿಗೆ ಯಾರೂ ಹೋಗುವುದಿಲ್ಲ. ಹೋಗಲು ಅಲ್ಲಿ ಪೇಟೆ ಇಲ್ಲ, ಬಂದರಿಲ್ಲ, ಹರಕೆ ಕೇಳುವ ದೇವರಿಲ್ಲ. ಕಡಲು ದಾಟಿ ಮದುವೆಯಾದ ಹೆಣ್ಣು ತಿರುಗಿ ಕಾಲಿಡುವಂತಿಲ್ಲ ಅಂತ ಅಲ್ಲಿಯ ಕಟ್ಟಳೆ. ಅವಳು ಕಾಲಿಡಲಿಲ್ಲ. ನಾನೂ ನೋಡಿರಲಿಲ್ಲ. ನಾನು ಹಗ್ಗ ಹೊಸೆಯುವವನು. ನಾರು ಹೊಸೆಯುತ್ತಾ ಅಂಗಳದಲ್ಲಿ ಹಿಂದಹಿಂದಕ್ಕೆ ನಡೆದದ್ದೇ ನನ್ನ ಪ್ರಯಾಣ.

ಗಾಳಿ ತಿರುಗಿದ ಮೇಲೆ ಹೊರಟೆ. ದೋಣಿಯವನು ಆ ನಡುಗಡ್ಡೆಯವನೇ. ಹುಟ್ಟು ಹಾಕುತ್ತಾ ನನ್ನ ಮುಖ ನೋಡಿದ.

“ಯಾರನ್ನ ಹಂಚೋಕೆ ಬಂದೆ?” ಅಂದ.

“ಹಂಚೋಕಲ್ಲ. ಸುದ್ದಿ ಹೇಳೋಕೆ. ನನ್ನ ಹೆಂಡ್ತಿ ತೀರ್ಕೊಂಡ್ಲು.”

“ಅದೇ ಮಾರಾಯ, ನಾನು ಕೇಳಿದ್ದೂ ಅದೇ.”

ಆಮೇಲೆ ನಿಧಾನಕ್ಕೆ ಬಿಡಿಸಿ ಹೇಳಿದ. ಅವರಲ್ಲಿ ಸತ್ತವರನ್ನು ಸುಟ್ಟು ಸುಮ್ಮನಾಗುವುದಿಲ್ಲ. ಸತ್ತವರ ಚಾಳಿಗಳಿರುತ್ತವಲ್ಲ, ಅವನ್ನು ಊರೂರಿಗೆ ಹಂಚಬೇಕು. ಒಂದೂರಿಗೆ ಒಂದು. ತಗೊಂಡವರು ತಾವು ಸಾಯುವವರೆಗೂ ಅದನ್ನು ಮಾಡಿಕೊಂಡು ಹೋಗಬೇಕು. ಆಮೇಲೆ ಅದು ಇನ್ನೊಬ್ಬರಿಗೆ. ಒಂದೊಂದೂ ಒಬ್ಬೊಬ್ಬರ ಕೈ ಸೇರುವವರೆಗೂ ಸತ್ತವಳ ತಾಯಿ ಒಲೆ ಹಚ್ಚುವಂತಿಲ್ಲ. ಉಣ್ಣುವಂತಿಲ್ಲ.

“ಅವಳ ತಾಯಿ ಇದ್ದಾರಾ?” ಅಂದೆ.

“ಇಲ್ದೆ ಏನು? ನಮ್ಮಲ್ಲಿ ಕಡಲು ದಾಟಿದ್ದು ಅವಳ ಮಗಳೊಬ್ಳೇ. ಗಟ್ಟಿ ಮುದುಕಿ. ಎಳನೀರು ಕುಡ್ಕೊಂಡು ಕೂತಿರ್ತಾಳೆ. ಆದ್ರೂ ಎಷ್ಟು ದಿನ ಅಂತ ಕೂರ್ತಾಳೆ? ದಾರೀಲಿ ನಿದ್ದೆ ಗಿದ್ದೆ ಮಾಡ್ಬೇಡ. ಬೇಗ ಬೇಗ ಹಂಚು.”

ದೋಣಿ ಮರಳಿಗೆ ತಾಗಿತು. ಅವನು ಶಂಖ ಎತ್ತಿ ಊದಿದ. ತೆಂಗಿನ ಮರಗಳ ಹಿಂದಿನಿಂದ ಇನ್ನೊಂದು ಶಂಖ ಓಗೊಟ್ಟಿತು. ಅದರಾಚೆ ಇನ್ನೊಂದು. ಗುಡ್ಡದ ಮೇಲೆ ಇನ್ನೊಂದು. ಕೊನೆಯದು ಕಿವಿಗೆ ಬಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

“ಮುದುಕಿ ಒಲೆಗೆ ನೀರು ಹಾಕಿದ್ಲು,” ಅಂದ ದೋಣಿಯವನು. “ನಡಿ.”

ಮೊದಲನೇ ಊರು ಕಡಲ ದಂಡೆಯಲ್ಲೇ. ಸೋಗೆ ಹೊದಿಸಿದ ಮನೆಗಳು. ಬಾಗಿಲಿಲ್ಲ. ಬಾಗಿಲಿರಬೇಕಾದಲ್ಲಿ ಒಂದು ಚಾಪೆ ತೂಗುತ್ತಿತ್ತು. ಊರ ಮುಂದೆ ಕಲ್ಲಿನ ತೊಟ್ಟಿ, ತುಂಬ ನೀರು. ಕಾಲು ತೊಳೆದೆ. ಯಾರೋ ಮಡಕೆ ಬೋರಲು ಹಾಕಿ ಬಡಿದರು. ಜನ ಓಡಿ ಬಂದರು, ಮದುವೆ ಮನೆಗೆ ಬಂದ ಹಾಗೆ. ನನ್ನನ್ನು ಚಾಪೆ ಮೇಲೆ ಕೂರಿಸಿದರು. ಊರ ಹಿರಿಯಳು ಎದುರಿಗೆ ಕೂತಳು.

“ಏನು ಮಾಡ್ತಿದ್ಲು?” ಅಂದಳು.

“ಒಳ್ಳೆಯವಳು,” ಅಂದೆ. “ಯಾರಿಗೂ ಕೇಡು ಬಯಸಿದವಳಲ್ಲ.”

ಹಿಂದಿನಿಂದ ಒಬ್ಬ, “ಅದನ್ನ ಹ್ಯಾಗೆ ಮಾಡೋದು?” ಅಂದ.

ಗೊಳ್ಳೆಂದು ನಕ್ಕರು.

“ಸತ್ತೋರೆಲ್ಲ ಒಳ್ಳೆಯವ್ರೇ ಅಳಿಯಾ,” ಅಂದಳು ಹಿರಿಯಳು. “ಅದನ್ನ ನೀನೇ ಇಟ್ಕೋ. ನಮಗೆ ಕೈಯಲ್ಲೋ ಕಾಲಲ್ಲೋ ಮಾಡೋದು ಬೇಕು. ಸಣ್ಣದು. ನೋಡಿ ನೋಡಿ ನಿನಗೆ ಸಿಟ್ಟು ಬರ್ತಿತ್ತಲ್ಲ, ಅಂಥದ್ದು.”

ಅಷ್ಟರಲ್ಲಿ ಒಬ್ಬ ಮುದುಕ ಆಕಳಿಸಿದ. ಬಾಯಿ ಮುಂದೆ ಚಿಟಿಕೆ ಹೊಡೆದು, ಎಡಕಿವಿ ಹಿಂಡಿಕೊಂಡ.

“ಇದು ನನ್ನ ಆಕಳಿಕೆ ಅಲ್ಲ,” ಅಂದ ನನಗೆ. “ಗುಡ್ಡದ ಮೇಲಿನ ಒಬ್ಬ ಸೂಲಗಿತ್ತಿದು. ನನಗೆ ಮಾವನಿಂದ ಬಂತು. ಅವನಿಗೆ ಇನ್ಯಾರಿಂದಲೋ. ಸೂಲಗಿತ್ತಿ ಹೆಸ್ರು ಈಗ ಯಾರಿಗೂ ಗೊತ್ತಿಲ್ಲ. ಆಕಳಿಕೆ ಮಾತ್ರ ಗಟ್ಟಿಮುಟ್ಟಾಗಿದೆ.”

ಯೋಚಿಸಿದೆ. ನನಗೆ ಸಿಟ್ಟು ಬರುತ್ತಿದ್ದದ್ದು ಯಾವುದು?

“ಅನ್ನ ಬಸಿದು ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೆ ತಟ್ತಿದ್ಲು,” ಅಂದೆ. “ಅನ್ನಕ್ಕೆ ‘ಮಲ್ಕೋ’ ಅಂತಿದ್ಲು. ನನಗೆ ಹಸಿವು. ಅನ್ನ ಮಲಗಿ ಏಳೋವರೆಗೂ ಕಾಯ್ಬೇಕಿತ್ತು.”

“ಹಾಂ!” ಅಂದರು ಎಲ್ಲರೂ, ರುಚಿ ನೋಡಿದ ಹಾಗೆ.

“ಯಾರು ತಗೋತೀರಿ?” ಅಂದಳು ಹಿರಿಯಳು.

ಒಬ್ಬ ಸಣಕಲು ಮೀನುಗಾರ ಎದ್ದ. “ನಾನು.”

“ಇವ್ರಾ?” ಅವನ ಹೆಂಡತಿ ಬಾಯಿ ಮೇಲೆ ಕೈ ಇಟ್ಟಳು. “ಇವ್ರು ಅಡುಗೆಮನೆ ಎತ್ಲಾಗಿದೆ ಅಂತ ನೋಡಿಲ್ಲ!”

“ಇನ್ನು ನೋಡ್ಬೇಕಲ್ಲ,” ಅಂದಳು ಹಿರಿಯಳು. “ಅನ್ನ ಮಾಡ್ದೆ ಮುಚ್ಚಳ ತಟ್ಟೋದು ಹ್ಯಾಗೆ? ಸಾಯೋವರೆಗೂ ಇವನದೇ ಅಡುಗೆ.”

ಮೀನುಗಾರ ನಿಂತಲ್ಲೇ ಪೆಚ್ಚಾದ. ಅವನು ಅಷ್ಟು ಮುಂದಕ್ಕೆ ಯೋಚಿಸಿರಲಿಲ್ಲ. ಅವನ ಹೆಂಡತಿ ನನ್ನ ಕಾಲಿಗೇ ಬಿದ್ದಳು. “ನಿಮ್ಮ ಹೆಂಡ್ತಿ ಹೊಟ್ಟೆ ತಣ್ಣಗಿರ್ಲಿ ಅಣ್ಣಾ,” ಅಂದಳು.

ಅಲ್ಲೇ ಅನ್ನ ಮಾಡಿಸಿದರು. ಅವನು ಮುಚ್ಚಳ ಮುಚ್ಚಿ ದಬದಬ ಬಡಿದ.

“ಹಾಗಲ್ಲ,” ಅಂದೆ. “ಮಗುವಿನ ಬೆನ್ನು ತಟ್ಟಿದ ಹಾಗೆ.” ಎದ್ದು ಹೋಗಿ ತಟ್ಟಿ ತೋರಿಸಿದೆ. ಅವಳು ತಟ್ಟುವುದು ನನ್ನ ಕೈಗೆ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಅವನು ನೋಡಿಕೊಂಡ. ತಟ್ಟಿದ. “ಮಲ್ಕೋ,” ಅಂದ. ಸರಿಯಾಗಿತ್ತು. ಅವನ ಬಾಯಿಗೆ ಬೆಲ್ಲ ಹಾಕಿದರು.

ಅನ್ನ ಮಲಗಿ ಏಳುವವರೆಗೂ ಕಾದು, ಉಂಡು, ಮುಂದಿನ ಊರಿಗೆ ನಡೆದೆ.

ದಾರಿ ಏರುತ್ತಿತ್ತು. ಎರಡನೇ ಊರಿನ ಮುಂದೆಯೂ ಕಲ್ಲಿನ ತೊಟ್ಟಿ. ಕಾಲು ತೊಳೆದೆ. ಮಡಕೆ ಬಡಿದರು. ಚಾಪೆ ಮೇಲೆ ಕೂತೆ.

“ಏನು ಮಾಡ್ತಿದ್ಲು?”

“ಕಾಗೆ ಜೊತೆ ಜಗಳ ಆಡ್ತಿದ್ಲು,” ಅಂದೆ.

ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಅನ್ನುತ್ತಾರೆ. ನಮ್ಮ ಮನೆಗೆ ಯಾರೂ ಬರುತ್ತಿರಲಿಲ್ಲ. ಅವಳ ಕಡೆಯವರು ಕಡಲಾಚೆ. ನನ್ನ ಕಡೆಯವರು ಇಲ್ಲ. ಆದರೂ ಕಾಗೆ ಕೂಗುತ್ತಿತ್ತು. ಅವಳು ಸೌಟು ಹಿಡಿದು ಹೊರಗೆ ಹೋಗುತ್ತಿದ್ದಳು. “ಸುಳ್ಳಿ! ನಿನ್ನೇನೂ ಹೀಗೇ ಅಂದೆ. ಎಲ್ಲಿ ನೆಂಟರು? ಮೊದ್ಲು ಕರ್ಕೊಂಡು ಬಾ, ಆಮೇಲೆ ಕೂಗು!”

ಅದನ್ನು ಹೇಳಿ ಮುಗಿಸಿದಾಗ ಒಬ್ಬ ಬುಟ್ಟಿ ಹೆಣೆಯುವವಳು ಎದ್ದಳು. ಊರು ಬೆಚ್ಚಿತು. ಅವಳು ಯಾವುದೋ ಮಾತಿಗೆ ಮುನಿಸಿಕೊಂಡು ಊರಿನ ಜೊತೆ ಮಾತೇ ಬಿಟ್ಟವಳಂತೆ. ಯಾವ ಮಾತು ಅಂತ ಊರು ಮರೆತಿತ್ತು. ಅವಳೂ ಮರೆತಿದ್ದಳು ಅಂತ ಕಾಣುತ್ತದೆ.

“ಸೌಟು ಯಾವ ಕೈಯಲ್ಲಿ?” ಅಂದಳು.

“ಎಡಗೈಯಲ್ಲಿ,” ಅಂದೆ.

ಅವಳು ಸೌಟು ತಂದಳು. ಕಾಗೆ ಕಾಯುತ್ತಿದ್ದ ಹಾಗೆ ಕೂಗಿತು. ಅವಳು ಶುರು ಮಾಡಿದಳು. ಎಂಥ ಬೈಗುಳ! ಕಾಗೆ ಹಾರಿ ಹೋಯಿತು. ಅವಳ ಬಾಯಿ ನಿಲ್ಲಲಿಲ್ಲ. ಕಾಗೆ ಮುಗಿಸಿ ಪಕ್ಕದ ಮನೆಯವಳನ್ನು ಬೈದಳು, ನೀರು ತಿರುಗಿಸಿಕೊಂಡವನನ್ನು ಬೈದಳು, ಊರ ಹಿರಿಯನನ್ನು ಬೈದಳು. ಬೈಸಿಕೊಂಡವರು ಕೈ ಮುಗಿದರು. ಇನ್ನೂ ಬೈಸಿಕೊಳ್ಳದವರು ಮುಂದೆ ಬಂದು ನಿಂತರು. “ನನಗೆ? ನನಗೆ?” ಅಂದರು. ಹಿರಿಯ ಕಣ್ಣೊರೆಸಿಕೊಂಡು, “ನಿನ್ನ ಹೆಂಡ್ತಿ ದೊಡ್ಡವಳು,” ಅಂದ.

ಹೀಗೆ ಊರಿಂದ ಊರಿಗೆ. ಕಾಲು ತೊಳೆದೆ. ಚಾಪೆ ಮೇಲೆ ಕೂತೆ. ಏನು ಮಾಡ್ತಿದ್ಲು ಅಂದರು. ಹೇಳಿದೆ. ಯಾರೋ ಎದ್ದರು. ಬೆಲ್ಲ ತಿಂದರು. ಮುಂದಿನ ಊರಿಗೆ ನಡೆದೆ. ಸೂಜಿಗೆ ದಾರ ಪೋಣಿಸುವಾಗ ನಾಲಿಗೆ ಹೊರಗಿಡುವುದನ್ನು ಒಬ್ಬ ಬಲೆ ನೇಯುವವನು ತಗೊಂಡ. ಬಿಸಿ ಗಂಜಿಗೆ ಊದುವ ಬದಲು ಮುನಿದು ನೋಡುವುದನ್ನು ಒಬ್ಬ ಬಾಣಂತಿ ತಗೊಂಡಳು.

ಗುಡ್ಡದ ನೆತ್ತಿಯ ಊರಿನಲ್ಲಿ ಸ್ವಲ್ಪ ಕಷ್ಟವಾಯಿತು.

“ಮನೆಯಿಂದ ಹೊರಟ್ರೆ, ಬೀದಿ ತಿರುವಿನವರೆಗೆ ಹೋಗಿ ವಾಪಸ್ ಬರ್ತಿದ್ಲು,” ಅಂದೆ. “ಬಾಗಿಲು ಎಳೆದು ನೋಡ್ತಿದ್ಲು, ಬೀಗ ಬಿದ್ದಿದೆಯಾ ಅಂತ.”

“ಬಾಗಿಲು ಅಂದ್ರೆ?” ಅಂದಳು ಅಲ್ಲಿಯ ಹಿರಿಯಳು.

“ಮರದ್ದು. ಮನೆ ಬಾಯಿಗೆ ಹಾಕೋದು.”

“ಯಾಕೆ?”

“ಒಳಗೆ ಯಾರೂ ಬರ್ಬಾರ್ದು ಅಂತ.”

“ಯಾರು ಬರ್ಬಾರ್ದು?”

“ಯಾರೂ.”

ಅವರೆಲ್ಲ ನನ್ನನ್ನು ಅಯ್ಯೋ ಪಾಪ ಅಂತ ನೋಡಿದರು. ನನ್ನ ಮುಂದೆ ಇನ್ನೊಂದು ತುಂಡು ಮೀನು ಹಾಕಿದರು. ಆಮೇಲೆ ಗುಂಪು ಕೂಡಿ ಮಾತಾಡಿಕೊಂಡರು. ಚಾಪೆ ಎಳೆದು ನೋಡಿದರು. ಕಿತ್ತು ಬಂತು. ಕಂಬ ಎಳೆದು ನೋಡಿದರು. ಮಾಡು ಅಲ್ಲಾಡಿತು. ಕೊನೆಗೆ ಮನೆ ಮುಂದೆ ಕಟ್ಟಿದ್ದ ಆಡು ಕಣ್ಣಿಗೆ ಬಿತ್ತು. ಒಬ್ಬ ಹುಡುಗಿ ಚಾಳಿ ತಗೊಂಡಳು. ತಿರುವಿನವರೆಗೆ ಹೋದಳು. ನಿಂತಳು. ಮುಖದ ಮೇಲೆ ಚಿಂತೆ ತಂದುಕೊಂಡಳು. ವಾಪಸ್ ಬಂದು ಆಡಿನ ಹಗ್ಗ ಜಗ್ಗಿದಳು. ಆಡು “ಮ್ಯಾ” ಅಂತ ಬೈಯಿತು. ಅವಳಿಗೆ ಸಮಾಧಾನವಾಯಿತು. ಹೋದಳು.

ನಾನು ನಕ್ಕೆ. ಹೆಂಡತಿ ಹೋದ ಮೇಲೆ ನಕ್ಕದ್ದು ಅದೇ ಮೊದಲು. ನಗು ಹೊಟ್ಟೆಯಲ್ಲಿ ನೋವಾಗುವಷ್ಟು ಬಂತು. ಹಗ್ಗ ಹೊಸೆಯುವವನಲ್ಲವೇ, ಆ ಹುಡುಗಿಗೆ ಒಂದು ಒಳ್ಳೆ ಹುರಿ ಹಗ್ಗ ಹೊಸೆದು ಕೊಟ್ಟೆ, ದಿನಾ ಜಗ್ಗಬೇಕಲ್ಲ ಅಂತ.

ನೆತ್ತಿಯಿಂದ ಕೆಳಗಿನ ಊರುಗಳೆಲ್ಲ ಕಾಣುತ್ತಿದ್ದವು. ಗಾಳಿ ಮೇಲಕ್ಕೆ ಬೀಸುತ್ತಿತ್ತು. ಎಲ್ಲೋ ಮುಚ್ಚಳ ತಟ್ಟುತ್ತಿದ್ದರು. ಎಲ್ಲೋ ಕಾಗೆಗೆ ಬೈಗುಳ ಬೀಳುತ್ತಿತ್ತು. ನಾನು ಹತ್ತಿದಷ್ಟೂ ಅವಳು ಕೆಳಗೆ ಹರಡಿಕೊಂಡಿದ್ದಳು.

“ಇನ್ನೇನಾದ್ರೂ ಇದೆಯಾ?” ಅಂದಳು ಹಿರಿಯಳು. “ಇದ್ರೆ ಇಳಿಜಾರಲ್ಲಿ ಇನ್ನೊಂದೂರಿದೆ. ಇಲ್ದಿದ್ರೆ ನೆಟ್ಟಗೆ ತಾಯಿ ಊರಿಗೆ ಇಳಿ.”

ಇನ್ನೊಂದಿತ್ತು. ಅದು ಬೆಳಗಿನ ಜಾವದ್ದು. ಅದನ್ನು ಕೊಡುವ ಮನಸ್ಸು ನನಗಿರಲಿಲ್ಲ. ಇಷ್ಟೆಲ್ಲ ಕೊಟ್ಟಿದ್ದೇನೆ, ಒಂದು ಇಟ್ಟುಕೊಂಡರೆ ಯಾರ ಗಂಟೇನು ಹೋಗುತ್ತದೆ?

“ಇಲ್ಲ,” ಅಂದೆ.

ನೆಟ್ಟಗೆ ಇಳಿದೆ.

ಅವಳ ಊರು ಆಚೆ ಕಡಲಿಗೆ ಮುಖ ಮಾಡಿತ್ತು. ಅತ್ತೆ ತಣ್ಣಗಿನ ಒಲೆ ಮುಂದೆ ಕೂತಿದ್ದರು. ಸುತ್ತ ಎಳನೀರಿನ ಬುರುಡೆಗಳು. ಸಣ್ಣ ಜೀವ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಇವ್ರೇನಾ?” ಅಂದರು ಪಕ್ಕದಲ್ಲಿದ್ದ ಮಗಳಿಗೆ. “ನಾನು ಇನ್ನೂ ಉದ್ದ ಇರ್ತಾರೆ ಅಂದ್ಕೊಂಡಿದ್ದೆ.”

ಆ ಮಗಳು ನನ್ನ ನಾದಿನಿ. ಅವಳ ಗಂಡ, ನನ್ನ ಷಡ್ಡಕ, ಕಂಬಕ್ಕೆ ಒರಗಿ ಕೂತಿದ್ದ. ದಪ್ಪ ಮನುಷ್ಯ. “ಅಣ್ಣಾ, ಬೇಗ ಬಂದ್ರಿ, ಪುಣ್ಯ ಕಟ್ಕೊಂಡ್ರಿ,” ಅಂದ. “ಅತ್ತೆ ಉಣ್ದೆ ನನಗೂ ಉಣ್ಣೋಕೆ ಬಿಡ್ತಿಲ್ಲ.”

“ನಿಮ್ಗ್ಯಾರು ಬೇಡ ಅಂದ್ರು?” ಅಂದಳು ನಾದಿನಿ. “ಪಕ್ಕದ ಮನೇಲಿ ಎರಡು ಸಲ ಉಂಡದ್ದು ನನಗೆ ಗೊತ್ತಿಲ್ವಾ?”

“ಅದು ಊಟ ಅಲ್ಲ. ಅವ್ರ ಮನೆ ಉಪ್ಪು ಸರಿ ಇದೆಯಾ ನೋಡಿದ್ದು.”

ನಾನು ಅತ್ತೆಯ ಕಾಲು ಮುಟ್ಟಿದೆ. “ಎಲ್ಲ ಹಂಚಿದೆ ಅತ್ತೆ,” ಅಂದೆ.

“ಸರಿ ಹಾಗಾದ್ರೆ,” ಅಂದರು. ಒಲೆಗೆ ತೆಂಗಿನ ಸಿಪ್ಪೆ ಒಟ್ಟಿದರು. ಪಕ್ಕದ ಮನೆಯಿಂದ ಕೆಂಡ ಬಂತು. ಊದಿದರು. ಹೊಗೆ ಎದ್ದಿತು. ಆರಿತು.

ಇನ್ನೊಂದು ಕೆಂಡ. ಊದಿದರು. ಆರಿತು.

“ಸಿಪ್ಪೆ ಹಸಿ ಇರ್ಬೇಕು,” ಅಂದ ಷಡ್ಡಕ.

ನಾದಿನಿ ಒಣ ಸೋಗೆ ತಂದಳು. ಮುಟ್ಟಿದರೆ ಪುಡಿಯಾಗುವಷ್ಟು ಒಣಗಿತ್ತು. ಕೆಂಡ ಅದರ ಮೇಲೂ ಕಪ್ಪಾಯಿತು.

ಅತ್ತೆ ಊದುಗೊಳವೆ ಕೆಳಗಿಟ್ಟರು. ನನ್ನ ಕಡೆ ತಿರುಗಿದರು.

“ಅಳಿಯಂದ್ರೇ, ನನ್ನ ಮಗಳದು ಇನ್ನೊಂದು ಎಲ್ಲೋ ಉಳಿದಿದೆ.”

“ಇಲ್ಲ ಅತ್ತೆ.”

“ಸರಿ. ನನಗೇನೂ ಅವಸರ ಇಲ್ಲ. ಎಳನೀರಿದೆ.”

ಬುರುಡೆ ಎತ್ತಿಕೊಂಡರು. ನೀರು ಗಲ್ಲದ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ನನ್ನಿಂದ ನೋಡಲಾಗಲಿಲ್ಲ. ಎದ್ದು ಕಡಲ ಕಡೆ ಹೋದೆ.

ಬಂಡೆ ಮೇಲೆ ಕೂತಿದ್ದೆ. ನಾದಿನಿ ಬಂದು ಸ್ವಲ್ಪ ದೂರದಲ್ಲಿ ಕೂತಳು.

“ಭಾವ, ಏನದು ಬಚ್ಚಿಟ್ಕೊಂಡಿರೋದು?”

ಬಂಡೆಯ ಪಾಚಿ ಕಿತ್ತು ಹಗ್ಗದ ಹಾಗೆ ಹೊಸೆದೆ. ಅವಳು ಮತ್ತೆ ಕೇಳಲಿಲ್ಲ. ಆ ಮನೆಯವರಿಗೆ ಕಾಯುವುದು ಬರುತ್ತದೆ.

“ಬೆಳಿಗ್ಗೆ ನನ್ನನ್ನ ಎಬ್ಬಿಸೋಕೆ ಕೂಗ್ತಿರ್ಲಿಲ್ಲ,” ಅಂದೆ. “ಕೊಡದ ನೀರಲ್ಲಿ ಬೆರಳು ಅದ್ದಿ ಬಂದು, ನನ್ನ ಅಂಗಾಲಿಗೆ ಮುಟ್ಟಿಸ್ತಿದ್ಲು. ಮೊದ್ಲು ಒಂದು ಕಾಲು. ಆಮೇಲೆ ಇನ್ನೊಂದು.”

“ನಿಮಗೆ ಸಿಟ್ಟು ಬರ್ತಿತ್ತಾ?”

“ಬೈತಿದ್ದೆ. ದಿನಾ ಬೈತಿದ್ದೆ.” ಕಡಲು ನೋಡಿದೆ. “ಅವಳು ಬರೋ ಹೊತ್ತಿಗೆ ಎಚ್ಚರ ಆಗಿರ್ತಿತ್ತು. ಕಾಲು ಹೊದಿಕೆಯಿಂದ ಹೊರಗಿಟ್ಕೊಂಡು ಕಾಯ್ತಿದ್ದೆ.”

“ಅಕ್ಕನಿಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು?”

ಅವಳು ನಕ್ಕಳು. ನಕ್ಕಾಗ ಅವಳ ಅಕ್ಕನ ಹಾಗೆ ಕಾಣಲಿಲ್ಲ. ತನ್ನ ಹಾಗೇ ಕಂಡಳು.

“ಈಗ್ಲೂ ಕಾಲು ಹೊರಗೇ ಇಡ್ತೀರಾ ಭಾವ?”

“ಇಡ್ತೇನೆ. ಕೋಳಿ ಕೂಗೋಕೂ ಮುಂಚೆ ಎಚ್ಚರ ಆಗ್ತದೆ. ಹಾಗೇ ಬಿದ್ಕೊಂಡಿರ್ತೇನೆ. ಬೆಳಕು ಹರೀತದೆ. ಕಾಲು ತಣ್ಣಗಾಗಿರ್ತದೆ.” ಕಾಲು ಮಡಚಿಕೊಂಡೆ. “ಅದನ್ನೂ ಕೊಟ್ರೆ ನನಗೇನು ಉಳೀತು?”

“ಇಟ್ಕೊಂಡ್ರೆ ಏನು ಉಳೀತದೆ ಭಾವ? ಅದನ್ನ ಮಾಡೋಕೆ ಕೈ ಬೇಕು. ನಿಮ್ಮ ಹತ್ರ ಇರೋದು ಕಾಲು ಮಾತ್ರ.”

ಅವಳು ಸೀರೆ ಕೊಡವಿಕೊಂಡು ಎದ್ದಳು. ಹಿಂತಿರುಗಿ ನೋಡದೆ ಹೋದಳು. ಬಾ ಅನ್ನಲಿಲ್ಲ.

ಅಲೆ ಬಂತು, ಹೋಯಿತು. ಎದ್ದೆ. ಊರ ಮುಂದಿನ ತೊಟ್ಟಿಯಲ್ಲಿ ಕಾಲು ತೊಳೆದೆ, ಈಗ ತಾನೇ ಬಂದವನ ಹಾಗೆ. ಯಾರೋ ನೋಡಿ ಮಡಕೆ ಬಡಿದರು. ಜನ ಬಂದರು. ಚಾಪೆ ಮೇಲೆ ಕೂತೆ. ಅತ್ತೆಯನ್ನು ನಾದಿನಿ ತೋಳು ಹಿಡಿದು ಕರೆತಂದು ನನ್ನ ಎದುರಿಗೆ ಕೂರಿಸಿದಳು.

“ಏನು ಮಾಡ್ತಿದ್ಲು?” ಅಂದರು ಅತ್ತೆ.

ಎದ್ದು ಕೊಡದಲ್ಲಿ ಬೆರಳು ಅದ್ದಿದೆ. ಷಡ್ಡಕ ಕಾಲು ಚಾಚಿ ಕೂತಿದ್ದ. ಅವನ ಅಂಗಾಲಿಗೆ ಮುಟ್ಟಿಸಿದೆ.

ಅವನು ಹಾರಿ ಬಿದ್ದ. ಅಷ್ಟು ದಪ್ಪ ಮನುಷ್ಯ ಅಷ್ಟು ಎತ್ತರ ಹಾರಿದ್ದನ್ನು ಆ ಊರು ಕಂಡಿರಲಿಲ್ಲ. ಅತ್ತೆ ಮೊದಲು ನಕ್ಕರು. ಆಮೇಲೆ ಊರು.

“ಇದು,” ಅಂದೆ. “ದಿನಾ ಬೆಳಿಗ್ಗೆ. ನನಗೆ.”

“ಯಾರು ತಗೋತೀರಿ?” ಅಂದರು ಅತ್ತೆ.

“ನಾನು,” ಅಂದಳು ನಾದಿನಿ.

“ಏಯ್!” ಷಡ್ಡಕ ಎದ್ದು ನಿಂತ. “ನನ್ನನ್ನ ಕೇಳೋರಿಲ್ವಾ? ಕಾಲು ಯಾರದು?”

“ಕಾಲು ನಿಮ್ದೇ,” ಅಂದಳು. “ಬೆರಳು ನಂದು. ಬೆರಳಿಗೆ ನಿಮ್ಮನ್ನ ಯಾಕೆ ಕೇಳ್ಬೇಕು?”

“ಅತ್ತೇ, ನೀವಾದ್ರೂ ಹೇಳಿ! ಸಾಯೋವರೆಗೂ ಅಂತೆ!”

“ಹೌದಪ್ಪ,” ಅಂದರು ಅತ್ತೆ. “ಹೊತ್ತು ಹುಟ್ಟೋ ಮುಂಚೆ ಏಳೋ ಅಳಿಯ ನನಗೆ ಒಬ್ರಾದ್ರೂ ಬೇಡ್ವಾ?”

“ಅಣ್ಣಾ!” ನನ್ನ ಕಡೆ ತಿರುಗಿದ. “ಕಾಗೇನೋ ಮುಚ್ಚಳಾನೋ ಇತ್ತಂತಲ್ಲ, ಅಂಥದ್ದೊಂದು ಇಲ್ಲಿಗೆ ತರ್ಬಾರ್ದಿತ್ತಾ?”

ನಾದಿನಿಗೆ ಬೆಲ್ಲ ತಿನ್ನಿಸಿದೆ. ನಾನೇ ತಿನ್ನಿಸಿದೆ. ಅತ್ತೆ ಒಲೆ ಹತ್ತಿರ ಹೋದರು. ಕೆಂಡ ಇಟ್ಟರು. ಊದುಗೊಳವೆ ಬಾಯಿಗೆ ತರುವಷ್ಟರಲ್ಲಿ ಸೋಗೆ ಭುಗಿಲ್ ಅಂತು. ಬೆಂಕಿ ಮಾಡಿನ ಎತ್ತರಕ್ಕೆ ಎದ್ದು, ಆಮೇಲೆ ನಾಚಿಕೊಂಡ ಹಾಗೆ ಒಲೆಯೊಳಗೆ ಕೂತಿತು.

ಅನ್ನವಾಯಿತು. ಮೀನಿನ ಸಾರಾಯಿತು. ಅತ್ತೆ ಮೊದಲ ತುತ್ತು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತು ಅಗಿದರು.

“ಹುಳಿ ಕಮ್ಮಿ,” ಅಂದರು. ಎರಡು ಸಲ ಬಡಿಸಿಕೊಂಡರು.

ಊರೆಲ್ಲ ಬಂದು ಉಂಡಿತು. ಯಾವ ಮನೆಯಲ್ಲೂ ಬಾಗಿಲಿರಲಿಲ್ಲ, ಯಾರು ಯಾವ ಮನೆಯಲ್ಲಿ ಉಂಡರು ಅಂತ ಗೊತ್ತಾಗಲಿಲ್ಲ. ಯಾರೋ ಹಾಡಿದರು. ಇನ್ಯಾರೋ ಕುಣಿದರು. ಕುಣಿದವನು ಕುಂಟುತ್ತಾ ಕುಣಿದ. ಕುಂಟು ಅವನದಲ್ಲ, ಹಿಂದೆ ಹೋದ ಒಬ್ಬ ಕಮ್ಮಾರನದಂತೆ. ಹೊತ್ತು ಮುಳುಗುವುದರೊಳಗೆ ನನಗೆ ತೂಕಡಿಕೆ ಬಂತು. ಜಗಲಿಯ ಮೇಲೆ ಚಾಪೆ ಹಾಕಿಕೊಟ್ಟರು.

ಬೆಳಗಿನ ಜಾವ ಎಚ್ಚರವಾಯಿತು. ಕೋಳಿ ಇನ್ನೂ ಕೂಗಿರಲಿಲ್ಲ. ಕಾಲು ಹೊರಗಿತ್ತು.

ಒಳಗೆ ಕೊಡದ ನೀರು ಅಲ್ಲಾಡಿದ ಸದ್ದು. ಬರಿಗಾಲ ಹೆಜ್ಜೆ. ಆಮೇಲೆ ಏನೂ ಇಲ್ಲ.

“ಅಯ್ಯಯ್ಯೋ! ಹಾವು! ಹಾವು!” ಷಡ್ಡಕನ ಕೂಗು.

“ಹಾವಲ್ಲ, ಇದು ನಮ್ಮಕ್ಕ,” ಅಂದಳು ನಾದಿನಿ. “ಇನ್ನೊಂದು ಕಾಲು ಕೊಡಿ.”

ನಾನು ಕಾಲು ಒಳಗೆಳೆದುಕೊಂಡೆ. ಹೊದಿಕೆ ತಲೆವರೆಗೂ ಹೊದ್ದುಕೊಂಡೆ. ಅವನು ಇನ್ನೂ ಬೈಯುತ್ತಿದ್ದ. ಕೇಳುತ್ತಾ ಕೇಳುತ್ತಾ ನಿದ್ದೆ ಬಂತು. ಬಿಸಿಲು ಜಗಲಿಗೆ ಬಂದು, ದೋಣಿಗಳೆಲ್ಲ ಕಡಲಿಗಿಳಿದ ಮೇಲೂ ಮಲಗಿಯೇ ಇದ್ದೆ.